ದನಿಯಾಗದ ಅಕ್ಷರ: ಸ್ಮಾರ್ಟ್‌ಫೋನ್, ಅಂಧ ಓದುಗರು ಮತ್ತು ಕನ್ನಡದ ವಿದ್ವತ್ ಬರಹ

ಕನ್ನಡ ಮತ್ತು ಗಣಕದ ಸಂಬಂಧವನ್ನು ಕುರಿತು ಕಳೆದ ಎರಡೂವರೆ ದಶಕಗಳಲ್ಲಿ ನಮ್ಮಲ್ಲಿ ನಡೆದ ಚರ್ಚೆ ಕಡಿಮೆಯದೇನಲ್ಲ. ಕೀಲಿಮಣೆಯ ವಿನ್ಯಾಸ ಹೇಗಿರಬೇಕು, ಅಕ್ಷರಶೈಲಿಗಳಿಗೆ ಶಿಷ್ಟತೆ ಬೇಕೆ, ತಂತ್ರಾಂಶ ಯಾರ ಒಡೆತನದಲ್ಲಿರಬೇಕು ಎಂಬ ಪ್ರಶ್ನೆಗಳ ಮೇಲೆ ವಿಚಾರಸಂಕಿರಣಗಳು ನಡೆದಿವೆ, ವಾಗ್ವಾದಗಳಾಗಿವೆ, ಕೆಲವು ಮನಸ್ತಾಪಗಳೂ ಉಳಿದಿವೆ. ಆದರೆ ಓದುಗನೆಂದರೆ ಕಣ್ಣಿನಿಂದ ಓದುವವನು ಎಂಬ ಗ್ರಹಿಕೆ ಮಾತ್ರ ಈ ಚರ್ಚೆಯುದ್ದಕ್ಕೂ ಯಾರ ಪ್ರಶ್ನೆಗೂ ಒಳಗಾಗದೆ ಉಳಿದುಬಂದಿದೆ. ಜಾತಿ, ವರ್ಗ, ಲಿಂಗಗಳ ನೆಲೆಯಲ್ಲಿ ಪಠ್ಯದ ಯಜಮಾನಿಕೆಯನ್ನು ಬಿಡಿಸಿ ನೋಡಲು ಕಲಿತ ಕನ್ನಡ ವಿಮರ್ಶೆಯು, ಅದೇ ಪಠ್ಯ ಒಂದು ಕಡತವಾದಾಗ ಯಾರಿಗೆ ದಕ್ಕುತ್ತದೆ, ಯಾರಿಗೆ ದಕ್ಕುವುದಿಲ್ಲ ಎಂದು ಕೇಳಿಕೊಂಡದ್ದು ಅಪರೂಪ. ಕಣ್ಣು ಕಾಣದ ಕನ್ನಡ ವಿದ್ಯಾರ್ಥಿಯ ಕೈಯಲ್ಲಿ ಇಂದು ಸ್ಮಾರ್ಟ್‌ಫೋನ್ ಇದೆ, ಅದರಲ್ಲಿ ಅಂತರಜಾಲವಿದೆ, ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ದನಿಯೂ ಇದೆ. ಆ ದನಿ ಓದಬಲ್ಲಂತಹ ವಿದ್ವತ್ ಬರಹ ಮಾತ್ರ ಇಲ್ಲ. ಈ ಕೊರತೆಗೆ ಕಾರಣರು ಬಹುಮಟ್ಟಿಗೆ ನಾವು, ಎಂದರೆ ಕನ್ನಡ ವಿಭಾಗಗಳಲ್ಲಿ ಕುಳಿತು ಬರೆಯುವವರು ಮತ್ತು ಪ್ರಕಟಿಸುವವರು ಎಂಬುದು ನನ್ನ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ನಾನು ಬಂದದ್ದು ಅಧ್ಯಯನದ ದಾರಿಯಿಂದಲ್ಲ. ಕೆಲವು ವರ್ಷಗಳ ಹಿಂದೆ ಸ್ನಾತಕೋತ್ತರ ತರಗತಿಯಲ್ಲಿ ನನಗೊಬ್ಬ ಅಂಧ ವಿದ್ಯಾರ್ಥಿಯಿದ್ದ. ಛಂದಸ್ಸಿನ ಪಾಠಕ್ಕೆಂದು ಬಹುಕಾಲದಿಂದ ಬೆರಳಚ್ಚಿಸಿ ಇಟ್ಟುಕೊಂಡಿದ್ದ ಟಿಪ್ಪಣಿಗಳನ್ನು ನಾನು ವಾಟ್ಸ್‌ಆ್ಯಪ್ ಮೂಲಕ ಇಡೀ ತರಗತಿಗೆ ಕಳುಹಿಸಿದೆ. ಮರುದಿನ ಆತ ವಿಭಾಗಕ್ಕೆ ಬಂದು, "ಸರ್, ನೀವು ಕಳಿಸಿದ್ದು ಯಾವ ಭಾಷೆಯಲ್ಲಿದೆ?" ಎಂದು ಕೇಳಿದ. ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ನಿಜಕ್ಕೂ ಆತನಿಗೆ ತಿಳಿದಿರಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ಒಂದೊಂದೇ ಚಿಹ್ನೆಯಾಗಿ ಕೇಳಿಸಿದ. 'ಕನ್ನಡ' ಎಂಬ ಪದ ಬರಬೇಕಾದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಹೊತ್ತ ಒಂದು ಎ, ಪೌಂಡ್ ನಾಣ್ಯದ ಗುರುತು, ಮತ್ತೆ ಅದೇ ಎ, ಜರ್ಮನ್ ಬರವಣಿಗೆಯ ಒಂದು ಸಕಾರ, ಕ್ಯೂ, ಕೊನೆಗೊಮ್ಮೆ ಅದೇ ಎ. ಮೂರು ಅಕ್ಷರದ ಪದಕ್ಕೆ ಏಳು ಚಿಹ್ನೆ. ಅವುಗಳಲ್ಲಿ ಒಂದೂ ಕನ್ನಡದ್ದಲ್ಲ. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದವನು ಕನ್ನಡವೇ ಇಲ್ಲದ ಕಡತವೊಂದನ್ನು ಕನ್ನಡವೆಂದು ನಂಬಿ ಹಂಚಿದ್ದೆ.

ಇದರ ಕಾರಣ ನಮ್ಮಲ್ಲಿ ಹಲವರಿಗೆ ಗೊತ್ತಿದ್ದರೂ ಅದರ ಪರಿಣಾಮ ಗೊತ್ತಿಲ್ಲವಾದುದರಿಂದ ಸ್ವಲ್ಪ ವಿವರಿಸಬೇಕಾಗಿದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದಾಗ ಕಡತದೊಳಗೆ ಸಂಗ್ರಹವಾಗುವುದು ಲ್ಯಾಟಿನ್ ಲಿಪಿಯ ಸಂಕೇತಗಳು. ಪ್ರತಿಯೊಂದು ಸಂಕೇತಕ್ಕೂ ಕನ್ನಡ ಅಕ್ಷರದ ಒಂದು ತುಣುಕಿನ, ಎಂದರೆ ತಲೆಕಟ್ಟು, ಒತ್ತು, ಕೊಂಬುಗಳ ಚಿತ್ರವನ್ನು ತೊಡಿಸಿ ಪರದೆಯ ಮೇಲೆ ಜೋಡಿಸಲಾಗುತ್ತದೆ. ಕಣ್ಣಿಗೆ ಅದು ಕನ್ನಡ. ಕಣ್ಣಿನ ನೆರವಿಲ್ಲದೆ ಸಂಕೇತವನ್ನು ಮಾತ್ರ ನೋಡುವ ಯಂತ್ರಕ್ಕೆ ಅದು ಅರ್ಥವಿಲ್ಲದ ಗೀಚು. ಹೀಗೆ ಮಾಡಿದವರನ್ನು ದೂಷಿಸುವುದು ಕೃತಘ್ನತೆಯಾದೀತು. 256 ಸ್ಥಾನಗಳಷ್ಟೇ ದೊರೆಯುತ್ತಿದ್ದ ಕಾಲದಲ್ಲಿ ಕನ್ನಡದ ಸಮಸ್ತ ಗುಣಿತಾಕ್ಷರ, ಒತ್ತಕ್ಷರಗಳನ್ನು ಅವುಗಳೊಳಗೆ ಹಿಡಿಸಿದ್ದು ಸಾಹಸವೇ ಸರಿ. ಆ ಸಾಹಸವಿಲ್ಲದಿದ್ದರೆ ಕನ್ನಡ ಪತ್ರಿಕೋದ್ಯಮವೂ ಪುಸ್ತಕೋದ್ಯಮವೂ ಗಣಕವನ್ನು ಹೊಕ್ಕಲು ಇನ್ನಷ್ಟು ಕಾಲ ಕಾಯಬೇಕಾಗುತ್ತಿತ್ತು. ಆದರೆ ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಅದನ್ನು ಸಾಮಾನ್ಯರ ಗಣಕಕ್ಕೆ ತಂದಿತು. ನುಡಿಯ ಈಚಿನ ಆವೃತ್ತಿಗಳೂ ಯೂನಿಕೋಡ್‌ನಲ್ಲಿ ಬರೆಯಲು ಅವಕಾಶ ಕೊಡುತ್ತವೆ. ಹೀಗಿದ್ದೂ ವಿಭಾಗದ ಗಣಕದಲ್ಲಿ ನಮ್ಮ ಬೆರಳು ಹಳೆಯ ಅಕ್ಷರಶೈಲಿಯನ್ನೇ ಹುಡುಕಿಕೊಂಡು ಹೋಗುತ್ತದೆ. ಅನಿವಾರ್ಯತೆ ಕಳೆದ ಮೇಲೂ ಮುಂದುವರಿದ ರೂಢಿಗೆ ಬೇರೆ ಸಮರ್ಥನೆ ಬೇಕಾಗುತ್ತದೆ.

ಅಂಧ ಓದುಗನ ಕಡೆಯಿಂದ ಈ ಅವಧಿಯನ್ನು ನೋಡಿದರೆ ಕಾಣುವ ಚರಿತ್ರೆಯೇ ಬೇರೆ. ಭಾರತೀಯ ಭಾಷೆಗಳಿಗೆ ಸಮಾನವಾದ ಭಾರತೀ ಬ್ರೈಲ್ ಪದ್ಧತಿ 1951ರಲ್ಲಿ ರೂಪುಗೊಂಡಿತಾದರೂ ಬ್ರೈಲ್‌ನಲ್ಲಿ ಅಚ್ಚಾದ ಕನ್ನಡ ಪುಸ್ತಕಗಳು ಶಾಲೆಯ ಪಠ್ಯವನ್ನು ದಾಟಿ ಬಹಳ ದೂರ ಬರಲಿಲ್ಲ. ಉನ್ನತ ಶಿಕ್ಷಣಕ್ಕೆ ಬಂದವರು ಗೆಳೆಯರಿಂದ ಓದಿಸಿಕೊಂಡು, ಕ್ಯಾಸೆಟ್ಟಿನಲ್ಲಿ ದಾಖಲಿಸಿಕೊಂಡು ಕಲಿತರು. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶಗಳು ಬಹುಕಾಲ ದುಬಾರಿಯಾಗಿದ್ದವು ಮತ್ತು ಇಂಗ್ಲಿಷಿಗೆ ಸೀಮಿತವಾಗಿದ್ದವು. 2006ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬ ಅಂಧ ಯುವಕ ಆರಂಭಿಸಿದ ಎನ್‌ವಿಡಿಎ ಉಚಿತ ತಂತ್ರಾಂಶವಾಗಿದ್ದು, ಇ-ಸ್ಪೀಕ್ ಎಂಬ ಮುಕ್ತ ಧ್ವನಿಯ ಮೂಲಕ ಕನ್ನಡವನ್ನೂ ಓದಬಲ್ಲುದಾಗಿತ್ತು. 2009ರಲ್ಲಿ ಆಂಡ್ರಾಯ್ಡ್ ಫೋನುಗಳಿಗೆ ಟಾಕ್‌ಬ್ಯಾಕ್ ಬಂದಿತು. ಅದರ ಹಿಂದಿದ್ದ ಗೂಗಲ್ ಸಂಸ್ಥೆಯ ತಂಡವನ್ನು ಮುನ್ನಡೆಸಿದವರು ಪುಣೆಯಲ್ಲಿ ಹುಟ್ಟಿದ, ಸ್ವತಃ ಅಂಧರಾದ ಟಿ. ವಿ. ರಾಮನ್. 2016ರ ನಂತರ ಅಂತರಜಾಲದ ದರ ಇಳಿದಾಗ ಗಣಕವನ್ನೇ ಕಾಣದ ಹಳ್ಳಿಯ ಅಂಧ ಯುವಕರ ಕೈಗೆ ನೇರವಾಗಿ ಫೋನು ಬಂದಿತು. ಅವರು ಗಣಕದ ಮೆಟ್ಟಿಲನ್ನು ಹತ್ತಲಿಲ್ಲ, ಹಾರಿಬಂದರು ಎನ್ನಬಹುದು. 2017ರಲ್ಲಿ ಕನ್ನಡದಲ್ಲಿ ಮಾತನಾಡಿ ಬರೆಯಿಸುವ ಸೌಲಭ್ಯ ಸೇರಿದ ಮೇಲೆ ಓದುವುದರೊಂದಿಗೆ ಬರೆಯುವುದೂ ಅವರ ವಶಕ್ಕೆ ಬಂದಿತು.

ಈ ಓದಿನ ಕ್ರಮವನ್ನು ಕಣ್ಣುಳ್ಳವರು ಒಮ್ಮೆಯಾದರೂ ಹತ್ತಿರದಿಂದ ಗಮನಿಸಬೇಕು. ಬೆರಳನ್ನು ಪರದೆಯ ಮೇಲೆ ಬಲಕ್ಕೆ ಸರಿಸಿದರೆ ಮುಂದಿನ ಅಂಶ, ಎಡಕ್ಕೆ ಸರಿಸಿದರೆ ಹಿಂದಿನದು, ಎರಡು ಬಾರಿ ತಟ್ಟಿದರೆ ಅದು ತೆರೆಯುತ್ತದೆ. ರೂಢಿಯಾದವರು ದನಿಯ ವೇಗವನ್ನು ನಮಗೆ ಒಂದು ಪದವೂ ಹಿಡಿಯದಷ್ಟು ಹೆಚ್ಚಿಸಿಕೊಂಡಿರುತ್ತಾರೆ. ಬ್ಯಾಂಕಿನ ಸಂದೇಶವನ್ನು ಪಕ್ಕದ ಮನೆಯವರಿಂದ ಓದಿಸಿಕೊಳ್ಳುವ, ಖಾಸಗಿ ಪತ್ರವನ್ನು ತಮ್ಮನ ಕೈಗೆ ಕೊಡಬೇಕಾದ ಹಂಗು ಇದರಿಂದ ತಪ್ಪಿದೆ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತನ್ನು ಪೂರ್ತಿಯಾಗಿ ಹೇಳುವಂತಿಲ್ಲ. ಫೋನು ಅನೇಕ ಮನೆಗಳಲ್ಲಿ ಅಣ್ಣನದೋ ತಂದೆಯದೋ ಆಗಿರುತ್ತದೆ. ಹೆಸರು ಕೊಡದೆ ಬಿಟ್ಟ ಗುಂಡಿಗಳಿರುವ ಆ್ಯಪ್ ತೆರೆದರೆ ಕೇಳಿಸುವುದು 'ಬಟನ್, ಬಟನ್, ಬಟನ್' ಎಂಬ ಜಪ ಮಾತ್ರ.

ಸಂಖ್ಯೆಯ ದೃಷ್ಟಿಯಿಂದಲೂ ಇದು ಸಣ್ಣ ಸಮುದಾಯವಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವೈಕಲ್ಯವುಳ್ಳವರು 13 ಲಕ್ಷಕ್ಕೂ ಹೆಚ್ಚು. ಅವರಲ್ಲಿ ದೃಷ್ಟಿಯ ತೊಂದರೆಯುಳ್ಳವರು 2.6 ಲಕ್ಷಕ್ಕೂ ಹೆಚ್ಚು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಉನ್ನತ ಶಿಕ್ಷಣದಲ್ಲಿ ಶೇ. 5ಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳನ್ನು ಮೀಸಲಿರಿಸಿದೆ. ಆದುದರಿಂದ ಇಂತಹ ವಿದ್ಯಾರ್ಥಿಗಳು ನಮ್ಮ ತರಗತಿಗಳಿಗೆ ಬಂದೇ ಬರುತ್ತಾರೆ, ಬಂದಿದ್ದಾರೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಗಮ್ಯತೆಯ ಮಾರ್ಗಸೂಚಿಗಳನ್ನು ಹೊರಡಿಸಿದೆ. ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವಂತಿರುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದು ಹೇಳಿದೆ. ಅರ್ಜಿದಾರರಲ್ಲಿ ಆಮ್ಲದಾಳಿಗೆ ತುತ್ತಾಗಿ ಕಣ್ಣುಗಳಿಗೆ ಹಾನಿಯಾದವರೂ ಇದ್ದರು. ಗುರುತು ಖಚಿತಪಡಿಸಲು ಕ್ಯಾಮರಾದ ಮುಂದೆ ಕಣ್ಣು ಮಿಟುಕಿಸಿರೆಂಬ ಸೂಚನೆಯನ್ನು ಅವರು ಪಾಲಿಸುವುದಾದರೂ ಹೇಗೆ? ಕಾನೂನಿನ ಕಡೆಯಿಂದ ಹೆಚ್ಚೇನೂ ಬಾಕಿಯಿಲ್ಲ. ಹೆಸರಿಡುವ ಕೆಲಸದಲ್ಲಂತೂ ನಾವು ಹಿಂದೆ ಬಿದ್ದೇ ಇಲ್ಲ: ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಎಂದು ಪದಗಳನ್ನು ಬದಲಿಸುತ್ತ ಬಂದಿದ್ದೇವೆ. 'ವಿಕಲಚೇತನ' ಎಂದರೆ ಚೇತನವೇ ಊನಗೊಂಡವರೆಂದು ಅರ್ಥವಾಗುತ್ತದಲ್ಲ ಎಂಬ ಸಂಶಯವನ್ನು ಪದಪರೀಕ್ಷೆ ಬಲ್ಲ ವಿದ್ವಾಂಸರು ಎತ್ತಬಹುದಿತ್ತು. ಇರಲಿ.

ಈಗ ನಮ್ಮ ಕ್ಷೇತ್ರಕ್ಕೆ ಬರೋಣ. ಅಂಧ ಓದುಗನೊಬ್ಬ ಇಂದು ತನ್ನ ಫೋನಿನಲ್ಲಿ ವಚನಗಳನ್ನು ಓದಬಲ್ಲ. ವಚನ ಸಂಚಯದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ವಚನಗಳು ಯೂನಿಕೋಡ್ ರೂಪದಲ್ಲಿವೆ. ಕನ್ನಡ ವಿಕಿಸೋರ್ಸ್‌ನಲ್ಲಿ ಮತ್ತಷ್ಟು ಕೃತಿಗಳಿವೆ. ಇವನ್ನು ಸಾಧ್ಯವಾಗಿಸಿದವರಲ್ಲಿ ಹೆಚ್ಚಿನವರು ಸ್ವಂತ ಆಸಕ್ತಿಯಿಂದ ದುಡಿದ ಉತ್ಸಾಹಿಗಳು. ಆದರೆ ಅದೇ ಬಸವಣ್ಣನನ್ನು, ಅಲ್ಲಮನನ್ನು ಕುರಿತು ವಿಶ್ವವಿದ್ಯಾಲಯಗಳು ಐವತ್ತು ವರ್ಷಗಳಿಂದ ಪ್ರಕಟಿಸಿಕೊಂಡು ಬಂದ ವಿಮರ್ಶೆ, ಸಂಶೋಧನೆಗಳನ್ನು ಆತ ಓದಲಾರ. ಅವು ಒಂದೋ ಮುದ್ರಿತ ಪುಟಗಳ ಛಾಯಾಚಿತ್ರಗಳಾಗಿವೆ, ಇಲ್ಲವೇ ಹಳೆಯ ಅಕ್ಷರಶೈಲಿಯ ಪಿಡಿಎಫ್‌ಗಳಾಗಿವೆ. ಮೂಲವು ತೆರೆದಿದ್ದು ವ್ಯಾಖ್ಯಾನ ಮುಚ್ಚಿರುವ ಈ ಸ್ಥಿತಿ ವಿಚಿತ್ರವಾದದ್ದು. ಭಕ್ತನಾಗಿ, ರಸಿಕನಾಗಿ ಆತನಿಗೆ ಪ್ರವೇಶವುಂಟು, ಸಂಶೋಧಕನಾಗಿ ಇಲ್ಲ. ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂಬ ನಿಯಮ 2009ರಲ್ಲಿ ಬಂದ ಮೇಲೆ ಶೋಧಗಂಗಾ ಭಂಡಾರಕ್ಕೆ ಕನ್ನಡದ ಪ್ರಬಂಧಗಳೂ ಸೇರುತ್ತ ಬಂದವು. ಅವುಗಳಲ್ಲಿ ಒಂದು ಪದವನ್ನು ಹುಡುಕಲು ಪ್ರಯತ್ನಿಸಿದ ಕಣ್ಣುಳ್ಳ ಸಂಶೋಧಕರಿಗೂ ಈ ತೊಂದರೆಯ ಅನುಭವವಾಗಿರಬೇಕು. ಹುಡುಕಾಟಕ್ಕೆ ಸಿಗದ ಅಕ್ಷರವೇ ದನಿಗೂ ಸಿಗದ ಅಕ್ಷರ.

ಇದಕ್ಕೆ ಸಾಮಾನ್ಯವಾಗಿ ಕೇಳಿಬರುವ ಉತ್ತರ ಮುದ್ರಣಾಲಯದ್ದು. ಅಲ್ಲಿ ಪುಟವಿನ್ಯಾಸಕ್ಕೆ ಬಳಸುವ ಹಳೆಯ ಪೇಜ್‌ಮೇಕರ್ ಯೂನಿಕೋಡ್ ಕನ್ನಡವನ್ನು ಸ್ವೀಕರಿಸುವುದಿಲ್ಲ. ಆದ್ದರಿಂದ ಲೇಖನವನ್ನು ನುಡಿಯಲ್ಲಿಯೇ ಕಳುಹಿಸಿ ಎಂದು ಪತ್ರಿಕೆಗಳು ಸೂಚಿಸುತ್ತವೆ. ಇದರಲ್ಲಿ ಸತ್ಯವಿಲ್ಲದಿಲ್ಲ. ಈಚಿನ ಪುಟವಿನ್ಯಾಸ ತಂತ್ರಾಂಶಗಳು ಯೂನಿಕೋಡ್ ಕನ್ನಡವನ್ನು ನಿಭಾಯಿಸುತ್ತವೆಯಾದರೂ ಸಣ್ಣ ಮುದ್ರಣಾಲಯದವರಿಗೆ ಅದು ಖರ್ಚಿನ ಮಾತು. ಇನ್ನೊಂದು ತೊಡಕನ್ನೂ ಪ್ರಾಮಾಣಿಕವಾಗಿ ಹೇಳಬೇಕು: ಯೂನಿಕೋಡ್‌ನಲ್ಲಿ ಬರೆದದ್ದನ್ನು ಪಿಡಿಎಫ್ ಮಾಡಿದಾಗಲೂ ಕನ್ನಡದ ಒತ್ತು, ಅರ್ಕಾವೊತ್ತು, ಸ್ವರಚಿಹ್ನೆಗಳ ಕ್ರಮ ಅನೇಕ ವೇಳೆ ಒಳಗೊಳಗೇ ಕದಡಿಹೋಗುತ್ತದೆ. ಪುಟ ನೋಡಲು ಚೆನ್ನಾಗಿರುತ್ತದೆ, ಓದಿಸಿದರೆ ತೊದಲುತ್ತದೆ. ಆದುದರಿಂದ ಪಿಡಿಎಫ್ ಒಂದನ್ನೇ ಪ್ರಕಟಣೆಯೆಂದು ಭಾವಿಸುವುದನ್ನು ಬಿಟ್ಟು, ಲೇಖಕರು ಕೊಟ್ಟ ಮೂಲ ಕಡತವನ್ನು ಅದರ ಜೊತೆಗೆ ಒದಗಿಸುವುದೇ ಸರಳವಾದ ದಾರಿ. ಮುದ್ರಣಕ್ಕೆ ಬೇಕಾದರೆ ಪರಿವರ್ತಕಗಳಿಂದ ಹಳೆಯ ಸಂಕೇತಕ್ಕೆ ಇಳಿಸಿಕೊಳ್ಳಲಿ. ಮೊದಲು ಯೂನಿಕೋಡ್, ಆಮೇಲೆ ಮುದ್ರಣದ ಅಗತ್ಯ ಎಂಬ ಕ್ರಮವನ್ನು ಒಪ್ಪಿದರೆ ಸಾಕು. ಮೂಲ ಕಡತವನ್ನು ಕೊಟ್ಟರೆ ಕೃತಿಚೌರ್ಯಕ್ಕೆ ದಾರಿಯಾಗುತ್ತದೆಂಬ ಭಯವೂ ಉಂಟು. ಕದಿಯುವವರು ನೋಡಿಕೊಂಡು ಬೆರಳಚ್ಚಿಸಿಯೂ ಕದಿಯುತ್ತಾರೆಂಬುದಕ್ಕೆ ನಮ್ಮ ವಿಶ್ವವಿದ್ಯಾಲಯಗಳೇ ಸಾಕ್ಷಿ. ಹಕ್ಕುಸ್ವಾಮ್ಯದ ಆತಂಕಕ್ಕಂತೂ ಈಗ ಆಧಾರವಿಲ್ಲ. 2012ರ ತಿದ್ದುಪಡಿಯಂತೆ, ಅಂಗವೈಕಲ್ಯವುಳ್ಳವರ ಓದಿಗಾಗಿ ಯಾವುದೇ ಕೃತಿಯನ್ನು ಸೂಕ್ತ ರೂಪಕ್ಕೆ ಪರಿವರ್ತಿಸುವುದು ಲಾಭದ ಉದ್ದೇಶವಿಲ್ಲದಿದ್ದರೆ ಉಲ್ಲಂಘನೆಯಾಗುವುದಿಲ್ಲ. ಇದೇ ವಿಷಯದ ಮರ‍್ರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ.

ಕನ್ನಡ ಅಧ್ಯಯನಕ್ಕೇ ವಿಶಿಷ್ಟವಾದ, ಬೇರೆ ಶಾಸ್ತ್ರದವರಿಗೆ ಹೊಳೆಯಲಾರದ ಸಮಸ್ಯೆಗಳೂ ಇಲ್ಲಿವೆ. ನನ್ನ ಛಂದಸ್ಸಿನ ಟಿಪ್ಪಣಿಗಳನ್ನು ಯೂನಿಕೋಡ್‌ಗೆ ತಂದ ಮೇಲೂ ಅವು ಆ ವಿದ್ಯಾರ್ಥಿಗೆ ಪೂರ್ತಿ ದಕ್ಕಲಿಲ್ಲ. ಪ್ರಸ್ತಾರ ಹಾಕುವಾಗ ನಾವು ಲಘು ಗುರುಗಳ ಚಿಹ್ನೆಯನ್ನು ಅಕ್ಷರದ ನೆತ್ತಿಯ ಮೇಲೆ ಬರುವಂತೆ ಖಾಲಿ ಜಾಗ ಬಿಟ್ಟು ಜೋಡಿಸುತ್ತೇವೆ. ಫೋನಿನ ದನಿಗೆ ಮೇಲೆ, ಕೆಳಗೆ ಎಂಬುದಿಲ್ಲ, ಹಿಂದೆ ಮುಂದೆ ಎಂಬುದಷ್ಟೇ ಇದೆ. ಅದು ಮೊದಲು ಚಿಹ್ನೆಗಳ ಸಾಲನ್ನು ಓದಿ ಮುಗಿಸಿ, ಬಳಿಕ ಪದ್ಯದ ಸಾಲಿಗೆ ಬಂದಿತು; ಯಾವ ಗುರು ಯಾವ ಅಕ್ಷರದ್ದೆಂಬುದು ತಿಳಿಯಲಿಲ್ಲ. ನಾನು ಬೇರೆ ಉಪಾಯ ಹುಡುಕುತ್ತಿದ್ದಾಗ ಆತನೇ, "ಪ್ರಸ್ತಾರ ಬೇಡ ಸರ್, ಪದ್ಯ ನೀವು ಓದಿ, ಮಾತ್ರೆ ನಾನು ಎಣಿಸುತ್ತೇನೆ" ಎಂದ. ಷಟ್ಪದಿಯ ಗಣವಿಭಾಗವನ್ನು ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಹೇಳುತ್ತಿದ್ದವನು ಆತನೇ. ಚಿಹ್ನೆಯನ್ನು ನೋಡಿ ಛಂದಸ್ಸನ್ನು ಕಲಿಯುವ ಉಳಿದವರು ಕಿವಿಯನ್ನು ಎಲ್ಲಿಟ್ಟಿರುತ್ತಾರೆಂಬ ಪ್ರಶ್ನೆ ನನಗೆ ಅಂದಿನಿಂದ ಇದೆ. ಹಳಗನ್ನಡದ ಱ, ೞ ಅಕ್ಷರಗಳದು ಇನ್ನೊಂದು ಕಥೆ. ಯೂನಿಕೋಡ್ ಕೋಷ್ಟಕದಲ್ಲಿ ೞ ಅಕ್ಷರಕ್ಕೆ ಇಂಗ್ಲಿಷಿನಲ್ಲಿ 'ಫ' ಎಂಬ ತಪ್ಪು ಹೆಸರು ಅಂಟಿಕೊಂಡಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಅದು ಹಾಗೆಯೇ ಉಳಿಯುತ್ತದೆ. ಕೋಷ್ಟಕ ರೂಪುಗೊಳ್ಳುತ್ತಿದ್ದಾಗ ಹಳಗನ್ನಡ ಬಲ್ಲವರೊಬ್ಬರು ಅದನ್ನು ನೋಡಿದ್ದರೆ ಸಾಕಿತ್ತು ಎಂದು ಈಗ ಅನ್ನಿಸುತ್ತದೆ.

ಯಂತ್ರವೇ ಚಿತ್ರದಿಂದ ಅಕ್ಷರವನ್ನು ಬಿಡಿಸಿಕೊಳ್ಳುವ ಕಾಲ ಬಂದಿರುವಾಗ ಈ ಚಿಂತೆಯೇಕೆ ಎಂದು ಕೆಲವರು ಕೇಳಬಹುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ 'ಲಿಪಿ ಜ್ಞಾನಿ'ಯಂತಹ ತಂತ್ರಾಂಶಗಳು ಮುದ್ರಿತ ಕನ್ನಡವನ್ನು ಗುರುತಿಸುತ್ತವೆ. ಈಚಿನ ಕೃತಕ ಬುದ್ಧಿಮತ್ತೆಯಂತೂ ಪುಟದ ಛಾಯಾಚಿತ್ರವನ್ನು ತೋರಿಸಿದರೆ ಓದಿ ಹೇಳುತ್ತದೆ. ಇವುಗಳ ಉಪಕಾರವನ್ನು ಅಲ್ಲಗಳೆಯಲಾಗದು. ನಿತ್ಯದ ಬಳಕೆಗೆ ಸಾಕಾಗುವಷ್ಟು ಇವು ಪಳಗಿವೆ. ಆದರೆ ಶಾಸ್ತ್ರದ ಓದಿಗೆ ಇದು ಸಾಲದು. ಕೃತಕ ಬುದ್ಧಿಮತ್ತೆ ತನಗೆ ಕಾಣದ ಅಕ್ಷರವನ್ನು ಕಾಣಲಿಲ್ಲವೆಂದು ಹೇಳುವ ಬದಲು, ಅಲ್ಲಿ ಇರಬಹುದಾದ ಅಕ್ಷರವನ್ನು ಊಹಿಸಿ ತುಂಬುವುದುಂಟು. ಅದು ಬಲ್ಲ ಕನ್ನಡ ಬಹುಪಾಲು ಇಂದಿನ ಕನ್ನಡವಾದುದರಿಂದ ಹಳಗನ್ನಡದ ರೂಪವನ್ನು ಹೊಸಗನ್ನಡಕ್ಕೆ ತಿದ್ದಿಬಿಡುವ ಅಪಾಯವಿದೆ. ಒಂದು ಅನುಸ್ವಾರದ, ಒಂದು ದೀರ್ಘದ ವ್ಯತ್ಯಾಸಕ್ಕಾಗಿ ಪುಟಗಟ್ಟಲೆ ವಾದಿಸುವ ಗ್ರಂಥಸಂಪಾದನೆಯ ಪರಂಪರೆ ನಮ್ಮದು. ಓಲೆಗರಿಯ ಲಿಪಿಕಾರ ಮಾಡಿದ ಬದಲಾವಣೆಯನ್ನು ಪಾಠಾಂತರವೆಂದು ಅಡಿಟಿಪ್ಪಣಿಯಲ್ಲಿ ದಾಖಲಿಸುತ್ತೇವೆ. ಯಂತ್ರವೆಂಬ ಹೊಸ ಲಿಪಿಕಾರನ ಬದಲಾವಣೆ ಯಾವ ಅಡಿಟಿಪ್ಪಣಿಯೂ ಇಲ್ಲದೆ ಅಂಧ ಸಂಶೋಧಕನ ಕಿವಿಗೆ ಬೀಳುತ್ತದೆ, ಮತ್ತು ಅದನ್ನು ಪುಟದೊಂದಿಗೆ ಹೋಲಿಸಿ ನೋಡುವ ಸಾಧನ ಆತನಲ್ಲಿಲ್ಲ. ನಮ್ಮಲ್ಲಿ ಸರಿಯಾದ ಪಾಠವುಳ್ಳ ಕಡತವಿದ್ದೂ ಅದನ್ನು ಕೊಡದೆ, ಊಹೆಯ ಪಾಠವನ್ನು ಅವಲಂಬಿಸು ಎನ್ನುವುದು ಯಾವ ನ್ಯಾಯ?

ಕೇಳುವುದು ಓದಾದೀತೆ ಎಂಬ ಸಂಶಯವನ್ನು ಹಿರಿಯ ಸಹೋದ್ಯೋಗಿಯೊಬ್ಬರು ಒಮ್ಮೆ ವ್ಯಕ್ತಪಡಿಸಿದ್ದರು. ಕನ್ನಡದ ಮಟ್ಟಿಗೆ ಈ ಸಂಶಯಕ್ಕೆ ಅವಕಾಶ ಕಡಿಮೆ. ಕುಮಾರವ್ಯಾಸನನ್ನು ನಾಡು ಶತಮಾನಗಳ ಕಾಲ ಗಮಕಿಗಳ ಬಾಯಿಂದ ಕೇಳಿಯೇ ತನ್ನದಾಗಿಸಿಕೊಂಡಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು (1914–2010) ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಕೃತಿಗಳನ್ನು ರಚಿಸಿದರು. ಅವರಿಗೆ ಪಂಚಾಕ್ಷರ ಗವಾಯಿಗಳಂತಹ ಗುರು ದೊರೆತರು, ಓದಿ ಹೇಳುವ, ಬರೆದುಕೊಳ್ಳುವ ಶಿಷ್ಯರಿದ್ದರು, ಒಂದು ಆಶ್ರಮವೇ ಇತ್ತು. ಅಂತಹ ಆಶ್ರಯ ಎಲ್ಲರಿಗೂ ಒದಗುವುದಿಲ್ಲ. ಬಾಡಿಗೆಯ ಕೋಣೆಯಲ್ಲಿದ್ದು ಓದುವ ಹುಡುಗ ಹುಡುಗಿಯರಿಗೆ ಆ ಶಿಷ್ಯರ ಸ್ಥಾನದಲ್ಲಿ ಇರುವುದು ಫೋನು. ಕೃತಿಯ ಆಸ್ವಾದಕ್ಕೆ ಕಿವಿ ಸಾಕೆಂದು ಹೇಳಿ ಕಾವ್ಯಮೀಮಾಂಸೆಯ ಪಾಠದಲ್ಲಿ ಶ್ರವ್ಯಕಾವ್ಯವೆಂಬ ವಿಭಾಗವನ್ನು ಬೋಧಿಸುವ ನಾವು, ವಿಮರ್ಶೆಗೆ ಮಾತ್ರ ಕಣ್ಣನ್ನು ಕಡ್ಡಾಯ ಮಾಡಿದ್ದೇವೆ.

ನಾನಿಲ್ಲಿ ಅಂಧರ ಓದಿಗೆ ಹೆಚ್ಚು ಗಮನ ಕೊಟ್ಟದ್ದು ಅದು ನನಗೆ ಪರಿಚಿತವಾದ ಸಂಗತಿ ಎಂಬ ಕಾರಣದಿಂದ. ಶ್ರವಣದೋಷವುಳ್ಳವರ ಪ್ರಶ್ನೆ ಇದಕ್ಕೆ ವ್ಯತಿರಿಕ್ತವಾದದ್ದು. ಸನ್ನೆಭಾಷೆಯೇ ಮೊದಲ ಭಾಷೆಯಾಗಿ ಬೆಳೆದವರಿಗೆ ಬರಹದ ಕನ್ನಡ ಎರಡನೆಯ ಭಾಷೆ. ಕೊರೊನಾ ಕಾಲದಿಂದೀಚೆಗೆ ವಿಭಾಗಗಳು ಯೂಟ್ಯೂಬ್‌ನಲ್ಲಿ ಇರಿಸಿರುವ ಉಪನ್ಯಾಸಗಳಿಗೆ ಕನ್ನಡದ ಅಡಿಬರಹವಿರುವುದು ವಿರಳ. ಅದನ್ನು ಬಲ್ಲವರು ಬರೆಯಬೇಕು.

ಪತ್ರಿಕೆಗಳ ಸಂಪಾದಕರಿಗೆ, ಪ್ರಬಂಧಗಳ ಮಾರ್ಗದರ್ಶಕರಿಗೆ ನನ್ನ ಕೋರಿಕೆ ದೊಡ್ಡದಲ್ಲ. ಮುಂದಿನ ಸಂಚಿಕೆಯಿಂದ ಲೇಖನಗಳನ್ನು ಯೂನಿಕೋಡ್‌ನಲ್ಲಿ ಮಾತ್ರ ಸ್ವೀಕರಿಸಬಹುದು. ಪಿಎಚ್.ಡಿ. ಪ್ರಬಂಧದ ಪಿಡಿಎಫ್ ಜೊತೆಗೆ ಮೂಲ ಕಡತವನ್ನೂ ಗ್ರಂಥಾಲಯಕ್ಕೆ ಕೊಡಬೇಕೆಂದು ವಿಭಾಗದ ಮಟ್ಟದಲ್ಲಿಯೇ ನಿರ್ಣಯಿಸಬಹುದು. ಇದಕ್ಕೆ ಸಿಂಡಿಕೇಟ್ ಸಭೆಯವರೆಗೆ ಹೋಗಬೇಕಾಗಿಲ್ಲ. ಹಳೆಯ ಸಂಚಿಕೆಗಳ ನುಡಿ ಕಡತಗಳು ಮುದ್ರಣಾಲಯದ ಯಾವುದೋ ಗಣಕದಲ್ಲಿ ಇನ್ನೂ ಇದ್ದರೆ, ಆ ಗಣಕ ಗುಜರಿಗೆ ಹೋಗುವ ಮೊದಲು ಅವನ್ನು ತಂದು ಪರಿವರ್ತಿಸಿ, ಅರ್ಕಾವೊತ್ತು ಮತ್ತು ಅಂಕಿಗಳನ್ನಾದರೂ ಒಮ್ಮೆ ತಿದ್ದಬೇಕು. ನನ್ನ ಹಳೆಯ ಟಿಪ್ಪಣಿಗಳನ್ನು ಹಾಗೆ ತಿದ್ದಲು ಒಂದು ಬೇಸಿಗೆಯ ರಜೆ ಹಿಡಿಯಿತು. ಅದರ ಜೊತೆಗೆ ನನ್ನದೇ ಕೆಲವು ತಪ್ಪುಗಳು ಸಿಕ್ಕಿದ್ದು ಬೇರೆ ಮಾತು.

ಈ ಲೇಖನವನ್ನು ಯೂನಿಕೋಡ್ ಕಡತವಾಗಿಯೇ ಕಳುಹಿಸಿದ್ದೇನೆ. ಅಚ್ಚಿನ ಅನುಕೂಲಕ್ಕಾಗಿ ಅದನ್ನು ಹಳೆಯ ಅಕ್ಷರಶೈಲಿಗೆ ಇಳಿಸುವುದು ಅನಿವಾರ್ಯವಾದರೆ ಇಳಿಸಲಿ. ಮೂಲ ಕಡತವನ್ನು ಅಳಿಸದೆ ಇಟ್ಟುಕೊಂಡು, ಕೇಳಿದ ಓದುಗರಿಗೆ ಕಳುಹಿಸಿಕೊಡಬೇಕೆಂದು ಸಂಪಾದಕರನ್ನು ವಿನಂತಿಸಿದ್ದೇನೆ.